ನಮ್ಮ ಮುಂದೆ ಭಾಷಣ ಕಲಿತ ಜರ್ಮನ್ ನಾಯಕ

ಸೌದಿ ಅರೇಬಿಯಾದಲ್ಲಿ ರಾಜಕೀಯ ಸಭೆ ನಡೆಸುವಂತಿಲ್ಲ ಎಂದು ಹಳಬರು ಹೊಸಬರಿಗೆ ಮೊದಲ ದಿನವೇ ಕಿವಿ ಹಿಂಡಿ ಹೇಳುತ್ತಿದ್ದರು. ಆದರೂ ಎಂಬತ್ತರ ದಶಕದ ಕೊನೆಗೆ ರಿಯಾದಿನ ಮಲಾಜ್ ಬಡಾವಣೆಯಲ್ಲಿ, ನಮ್ಮ ಕಂಪನಿಯ ವಿಲ್ಲಾದ ಹಿತ್ತಲಲ್ಲಿ, ಶುಕ್ರವಾರ ಜುಮ್ಮಾ ನಮಾಜು ಮುಗಿದ ಮೇಲೆ ಊಟಕ್ಕೆ ಮುಂಚೆ ಒಂದು ರಾಜಕೀಯ ಸಭೆ ತಪ್ಪದೆ ನಡೆಯುತ್ತಿತ್ತು. ಭಾಷಣಕಾರರು ನಮ್ಮ ಜರ್ಮನ್ ಸಾಹೇಬರು. ಸಭಿಕರೆಂದರೆ ಕುಂದಾಪುರದ ಕಡೆಯ ನಾನು, ಬಂಟ್ವಾಳದ ಬ್ಯಾರಿ ಅಡುಗೆಯವರು, ಪೆಶಾವರದ ಡ್ರೈವರ್ ಮತ್ತು ಯಮನಿ ಕಾವಲುಗಾರ. ಜರ್ಮನ್ ಭಾಷೆಯ ಗಂಧಗಾಳಿ ಒಬ್ಬನಿಗೂ ಇರಲಿಲ್ಲ.

ಈ ಸಾಹೇಬರೇ ಮುಂದೆ ತಮ್ಮ ದೇಶದಲ್ಲಿ ಒಂದು ಪಕ್ಷದ ನಾಯಕರಾದರು. ಬಲಪಂಥ ಅಂದರೆ ಸಾಲದು. ಬಲಕ್ಕೆ ಹೋಗಿ ಹೋಗಿ ರಸ್ತೆ ಬಿಟ್ಟು ಚರಂಡಿಗೆ ಇಳಿದಿದ್ದ ಪಕ್ಷ. ಕೆಲಸಕ್ಕೆಂದು ಜರ್ಮನಿಗೆ ಬಂದ ತುರ್ಕಿಯವರೂ ಇತರ ಪರದೇಶದವರೂ ಗಂಟುಮೂಟೆ ಕಟ್ಟಿ ಹೊರಡಬೇಕು ಅನ್ನುವುದು ಅದರ ಮೊದಲ ಮಂತ್ರ. ಎರಡನೆಯ ಮಂತ್ರ ಇತ್ತೋ ಇಲ್ಲವೋ ನನಗೆ ಇವತ್ತಿಗೂ ತಿಳಿಯದು. ಇದೆಲ್ಲ ನಮಗೆ ಗೊತ್ತಾದದ್ದು ಆಮೇಲೆ. ಸಾಹೇಬರು ಕನ್ನಡಕ ತೆಗೆದು ಒರೆಸಿದರೆ ಚಪ್ಪಾಳೆ ಹೊಡೆಯಬೇಕು, ಭಾಷಣ ಮುಗಿದರೆ ಬಿರಿಯಾನಿ ಇದೆ ಎಂಬುದಷ್ಟೇ ಆಗ ನಮಗೆ ಗೊತ್ತಿದ್ದದ್ದು. ಇಂಡಿಯಾದಲ್ಲಿ ಹತ್ತು ಎಲೆಕ್ಷನ್ ಕಂಡವನಿಗೆ ಇದರಲ್ಲಿ ವಿಶೇಷವೇನೂ ಕಾಣಲಿಲ್ಲ.

ಭಾಷಣ ಮಾಡುವಾಗ ಅವರು ನೀರಿನ ಪಂಪಿನ ಮರದ ಪೆಟ್ಟಿಗೆಯನ್ನು ಮಗುಚಿ ಹಾಕಿ ಅದರ ಮೇಲೆ ನಿಲ್ಲುತ್ತಿದ್ದರು. ಮೊದಲು ಮೆಲ್ಲಗೆ, ಕೈಕಟ್ಟಿ, ದೇವಸ್ಥಾನದ ಮೊಕ್ತೇಸರರ ಹಾಗೆ ಶುರು ಮಾಡುವರು. ನಡುವೆ ದನಿ ಏರುತ್ತ ಹೋಗಿ, ಕೊರಳಿನ ನರ ಉಬ್ಬಿ, ಮುಖ ಬೀಟ್‌ರೂಟಿನ ಬಣ್ಣಕ್ಕೆ ತಿರುಗಿದಾಗ ಗೋಡೆಯಾಚೆಯ ಈಜಿಪ್ಟಿನ ಮೇಷ್ಟ್ರು ಕಿಟಕಿ ಮುಚ್ಚಿಕೊಳ್ಳುತ್ತಿದ್ದರು.

"ಇದು ಬಣ್ಣದ ವೇಷವೇ ಮಾರಾಯ, ಸಂಶಯ ಇಲ್ಲ," ಎಂದು ಅಡುಗೆಯವರು ನನ್ನ ಕಿವಿಯಲ್ಲಿ ಹೇಳಿದರು. ಚಿಕ್ಕಂದಿನಲ್ಲಿ ಅವರು ಯಕ್ಷಗಾನ ಬಯಲಾಟದ ಹಿಂದೆ ಅಲೆದವರು. "ರಾಕ್ಷಸ ಸಭೆಗೆ ಬರುವಾಗ ಹೀಗೇ ಆರ್ಭಟ ಕೊಡುವುದು. ಆದ್ರೆ ಇವನಿಗೆ ಚೆಂಡೆ ಇಲ್ಲ, ಪಾಪ."

ಚೆಂಡೆಯ ಕೊರತೆಯನ್ನು ಪೆಶಾವರದವನು ಚಪ್ಪಾಳೆಯಲ್ಲಿ ತುಂಬಿಸುತ್ತಿದ್ದ. ಅವನ ಅಂಗೈಗಳು ಅಷ್ಟು ದೊಡ್ಡವು.

ಸಾಹೇಬರು ಕೆಟ್ಟ ಮನುಷ್ಯ ಎಂದು ಹೇಳಿದರೆ ನನ್ನ ನಾಲಿಗೆ ಒಪ್ಪುವುದಿಲ್ಲ. ಅಡುಗೆಯವರಿಗೆ ಮೂತ್ರಕೋಶದ ಕಲ್ಲು ಎದ್ದು ಒದ್ದಾಡಿದಾಗ ಡ್ರೈವರನ್ನು ಕಾಯದೆ ತಾವೇ ಕಾರು ಓಡಿಸಿಕೊಂಡು ಆಸ್ಪತ್ರೆಗೆ ಹೋದವರು. ನಮ್ಮ ಮೇಜಿನಲ್ಲೇ ಕೂತು, ನಮ್ಮ ಮೀನು ಸಾರಿನ ಖಾರಕ್ಕೆ ಕಣ್ಣೀರು ಸುರಿಸುತ್ತ ಉಣ್ಣುತ್ತಿದ್ದರು. ರಿಯಾದಿನ ಕೊಳಚೆ ನೀರಿನ ಪಂಪುಗಳನ್ನು ಕೂರಿಸುವುದು ಕಂಪನಿಯ ಕೆಲಸ. ಪಂಪು ಕೆಟ್ಟರೆ ಅವರೂ ಗಮ್‌ಬೂಟು ತೊಟ್ಟು ಗುಂಡಿಗೆ ಇಳಿಯುವರು. ಇಂಥವರ ತಲೆಯೊಳಗೆ ಆ ಮಂತ್ರ ಯಾವ ಕಿಂಡಿಯಿಂದ ನುಗ್ಗಿತೋ! ಊರಿನಿಂದ ಯಾರೋ ಕಳಿಸುತ್ತಿದ್ದ ಕ್ಯಾಸೆಟ್ಟುಗಳನ್ನು ಕಾರಿನಲ್ಲಿ ಹಾಕಿಕೊಂಡು ಕೇಳುತ್ತಿದ್ದರು. ಕ್ಯಾಸೆಟ್ಟಿನಲ್ಲೂ ಯಾರೋ ಕಿರುಚುತ್ತಿದ್ದ. ಹೊಸ ಪಕ್ಷಕ್ಕೆ ಅವರ ಪ್ರಾಂತ್ಯದಲ್ಲಿ ಒಬ್ಬ ನಾಯಕ ಬೇಕಾಗಿದ್ದ. ಇವರು ಓದಿದವರು, ಹೊರಗೆ ದುಡಿದವರು, ನೋಡಲು ಗಟ್ಟಿಮುಟ್ಟಾಗಿ ಇದ್ದವರು. ಊರಿನ ಸಭೆಗೆ ಖುದ್ದು ಬಂದು ಭಾಷಣ ಮಾಡಿದರೆ ನಾಯಕನ ಕುರ್ಚಿ ನಿಮ್ಮದೇ ಎಂದು ಅಲ್ಲಿಂದ ಫೋನು ಬಂತು.

ಸಾಹೇಬರು ಕೂಡಲೇ ಹೊರಡಲು ಸಿದ್ಧರಾದರು. ಆದರೆ ಸೌದಿಯಿಂದ ಹೊರಡುವುದು ಸಿದ್ಧರಾದವರ ಕೈಯಲ್ಲಿ ಇರುವುದಿಲ್ಲ. ನಮಗೆಲ್ಲ ಒಬ್ಬ ಕಫೀಲ್ ಇರುತ್ತಾನೆ, ನಮ್ಮ ಹೊಣೆ ಹೊತ್ತ ಅಲ್ಲಿನ ಪ್ರಜೆ. ದೇಶ ಬಿಡಬೇಕಾದರೆ ಅವನು ಸಹಿ ಹಾಕಬೇಕು. ಜರ್ಮನ್ ಇಂಜಿನಿಯರಿಗೂ ಅದೇ ಕಾನೂನು, ಕುಂದಾಪುರದ ಗುಮಾಸ್ತನಿಗೂ ಅದೇ. ದೇವರು ವರ ಕೊಟ್ಟರೂ ಪೂಜಾರಿ ವರ ಕೊಡ ಎಂಬ ಗಾದೆಯನ್ನು ಸಾಹೇಬರಿಗೆ ಇಂಗ್ಲಿಷಿನಲ್ಲಿ ಹೇಳಿ ನೋಡಿದೆ. ಅವರಿಗೆ ನಗು ಬರಲಿಲ್ಲ.

ನನಗೂ ಆಗ ನಗುವ ಕಾಲವಾಗಿರಲಿಲ್ಲ. ನಾನು ಊರು ಬಿಡುವಾಗ ಹೆಂಡತಿ ಬಸುರಿ. ಆಮೇಲೆ ಹುಟ್ಟಿದ ಮಗಳು ಈಗ ಓಡಾಡುತ್ತಾಳೆ, ಮಾತಾಡುತ್ತಾಳೆ, ಅಜ್ಜಿಯ ಎಲೆಯಡಿಕೆ ಚೀಲ ಅಡಗಿಸಿಡುತ್ತಾಳೆ ಎಂದೆಲ್ಲ ಸುದ್ದಿ ಬರುತ್ತಿತ್ತು. ನಾನು ಅವಳನ್ನು ಕಂಡಿರಲಿಲ್ಲ. ನನ್ನ ರಜೆಯ ಪಾಳಿ ಎಂದೋ ಬಂದು ಹೋಗಿತ್ತು. ಪ್ರತಿ ಸಲ ಕೇಳಿದಾಗಲೂ ಸಾಹೇಬರು "ಈ ಪಂಪೊಂದು ಕೂತುಬಿಡಲಿ" ಅನ್ನುವರು. ರಿಯಾದಿನಲ್ಲಿ ಪಂಪುಗಳಿಗೇನು ಬರವೇ? ಒಂದು ಕೂತರೆ ಇನ್ನೊಂದು ಏಳುತ್ತಿತ್ತು.

ಕಫೀಲರ ಬಳಿಗೆ ಹೋಗುವುದಾದರೆ ನಾನೂ ಹೋಗಬೇಕು, ಯಾಕೆಂದರೆ ನಮ್ಮ ಆಫೀಸಿನಲ್ಲಿ ಅರಬ್ಬಿ ಬರುತ್ತಿದ್ದವನು ನಾನೊಬ್ಬ. ಕಂಪನಿ ಮೊದಲು ಯಮನಿನ ಗಡಿಯ ನಜ್ರಾನಿನಲ್ಲಿ ಕೆಲಸ ಹಿಡಿದಿದ್ದಾಗ ಯಮನಿಗಳ ಜೊತೆ ಗುಡಾರದಲ್ಲಿ ಮಲಗಿ ಕಲಿತ ಅರಬ್ಬಿ ಅದು. ರಿಯಾದಿನ ಆಫೀಸುಗಳಲ್ಲಿ ನಾನು ಬಾಯಿ ತೆರೆದರೆ ಗುಮಾಸ್ತರು ನಗುತ್ತಿದ್ದರು. ನಕ್ಕರೂ ಕೆಲಸ ಮಾಡಿಕೊಡುತ್ತಿದ್ದರು, ಹಾಗಾಗಿ ನಾನು ಅದನ್ನು ತಿದ್ದಿಕೊಳ್ಳಲು ಹೋಗಲಿಲ್ಲ.

ಅದು ಖರ್ಜೂರ ಕೊಯ್ಯುವ ಕಾಲ. ನಮ್ಮ ಕಫೀಲರು ರಿಯಾದಿನ ಪೂರ್ವಕ್ಕಿರುವ ಖರ್ಜೂರದ ಸೀಮೆ ಅಲ್ ಅಹ್ಸಾದವರು. ಆ ದಿನಗಳಲ್ಲಿ ರಿಯಾದಿನ ಯಾವ ವ್ಯವಹಾರವಿದ್ದರೂ ಬಿಟ್ಟು ತೋಟದಲ್ಲಿ ಹೋಗಿ ಕೂರುವವರು. ಫೋನು ಮಾಡಿದರೆ ಮರ ಎತ್ತಿಕೊಳ್ಳುತ್ತದೆಯೇ? ಸರಿ, ಒಂದು ಬೆಳಿಗ್ಗೆ ಸಾಹೇಬರೂ ನಾನೂ ಕಾರು ಹತ್ತಿದೆವು. ಹೊರಡುವ ಮುಂಚೆ ನಾನು ಸಾಹೇಬರ ಅರ್ಜಿಯ ಅಡಿಗೆ ನನ್ನದೂ ಒಂದು ಅರ್ಜಿ ತುಂಬಿಸಿ ಇಟ್ಟುಕೊಂಡೆ. ಸಾಹೇಬರ ಮನಸ್ಸು ದಾರಿಯಲ್ಲಿ ಕರಗಿದರೂ ಕರಗೀತು ಎಂಬ ಆಸೆ. ಹೊರಗೆ ಕಾದ ಮರಳು, ಒಳಗೆ ಎಸಿಯ ತಂಪು, ಕ್ಯಾಸೆಟ್ಟಿನವನ ಕಿರುಚಾಟ. ಸಾಹೇಬರ ಮನಸ್ಸಿಗೆ ಕರಗುವ ಪುರಸೊತ್ತೇ ಸಿಗಲಿಲ್ಲ.

"ಹತ್ತು ನಿಮಿಷದ ಕೆಲಸ. ಸಹಿ ಹಾಕಿಸಿಕೊಂಡು ಸಂಜೆಗೆ ವಾಪಸು," ಎಂದರು ಸಾಹೇಬರು.

"ಸರ್, ಅಲ್ಲಿ ಹೋದ ಕೂಡಲೇ ಕಾಗದ ತೆಗೆಯಬೇಡಿ. ಅವರಾಗಿಯೇ ಕೇಳುವವರೆಗೆ ಬಂದ ಕಾರಣ ಹೇಳಬಾರದು. ಅವರೂ ಕೂಡಲೇ ಕೇಳುವುದಿಲ್ಲ. ಬಂದವನನ್ನು ಮೂರು ದಿನ ಯಾಕೆ ಬಂದೆ ಅಂತ ಕೇಳದಿರುವುದು ಇವರ ಪದ್ಧತಿ."

"ಮೂರು ದಿನ!" ಸಾಹೇಬರು ಸ್ಟೀರಿಂಗಿಗೆ ಗುದ್ದಿದರು. "ನನಗೆ ವಿಮಾನ ಇದೆ. ಸಭೆ ಇದೆ."

ಜರ್ಮನರಿಗೆ ಗಡಿಯಾರ ಮನೆದೇವರು, ಬೇಡ ಅಂದರೆ ಕೇಳುತ್ತಾರೆಯೇ? ತೋಟ ತಲುಪಿ, ಕೈಕುಲುಕಿ, ಜಮಖಾನದ ಮೇಲೆ ಕೂತದ್ದೇ ತಡ, ಸಾಹೇಬರು ನನ್ನ ಕೈಯ ಫೈಲು ಸೆಳೆದು ಮೇಲಿನ ಅರ್ಜಿ ಎಳೆದು ಕಫೀಲರ ಮುಂದೆ ಹಾಸಿದರು. ಮೇಲೆ ಪೆನ್ನನ್ನೂ ಇಟ್ಟರು. ಕಫೀಲರು ಬೆಳ್ಳಗೆ ಗಡ್ಡ ಬಿಟ್ಟ, ತೆಳ್ಳಗಿನ ಮುದುಕರು. ಅವರು ಕಾಗದ ಕಂಡೇ ಇಲ್ಲ ಅನ್ನುವ ಹಾಗೆ ಖರ್ಜೂರದ ದೊಡ್ಡ ತಟ್ಟೆ ತರಿಸಿ ಸರಿಯಾಗಿ ಅದರ ಮೇಲೆಯೇ ಇಟ್ಟರು.

"ತಗೊಳ್ಳಲು ಹೇಳು. ಬೆಳಿಗ್ಗೆ ಕೊಯ್ದದ್ದು," ಎಂದರು ನನಗೆ.

ಅಲ್ಲಿಗೆ ಆ ದಿನ ಮುಗಿಯಿತು. ಏಲಕ್ಕಿಯ ಅರಬ್ಬಿ ಕಾಫಿ ಕಹ್ವಾ ಬಂತು, ಮತ್ತೆ ಬಂತು. ಕುರಿ ಕೊಯ್ದರು. ಅನ್ನದ ಗುಡ್ಡದ ಸುತ್ತ ಕೂತು ಊಟ. ಕಫೀಲರು ಒಳ್ಳೊಳ್ಳೆಯ ಮಾಂಸವನ್ನೆಲ್ಲ ತಮ್ಮ ಕೈಯಾರೆ ಬಿಡಿಸಿ ಸಾಹೇಬರ ಮುಂದಕ್ಕೆ ತಳ್ಳುತ್ತಿದ್ದರು. ನೆಲದಲ್ಲಿ ಮಡಚಿದ ಸಾಹೇಬರ ಮಂಡಿಗಳು ಕಿರ್ ಎನ್ನುತ್ತಿದ್ದವು. ಊಟದ ಮೇಲೆ ನಿದ್ದೆ. ನಿದ್ದೆಯ ಮೇಲೆ ತೋಟ ನೋಡುವುದು. ಯಾವ ಮರ ಅಜ್ಜ ನೆಟ್ಟದ್ದು, ಯಾವುದರ ಹಣ್ಣು ಬಾಯಲ್ಲಿ ಇಟ್ಟರೆ ಬೆಣ್ಣೆ ಎಂದು ಕಫೀಲರು ಒಂದೊಂದನ್ನೇ ತೋರಿಸುತ್ತ ಹೋದರು, ನಾನು ಇಂಗ್ಲಿಷ್ ಮಾಡುತ್ತ ಹಿಂಬಾಲಿಸಿದೆ. ಸಾಹೇಬರು ಪ್ರತಿ ಮರದ ಬುಡದಲ್ಲೂ ವಾಚು ನೋಡಿದರು. ಕಫೀಲರಿಗೆ ಅದು ಕಾಣದೆ ಹೋಗಲಿಲ್ಲ.

"ನಿನ್ನ ಮುದೀರನಿಗೆ ಹೊಟ್ಟೆನೋವೋ ಏನು?" ಎಂದು ಕೇಳಿದರು. ಮುದೀರ್ ಅಂದರೆ ಮ್ಯಾನೇಜರ್, ಎಂದರೆ ನಮ್ಮ ಸಾಹೇಬರು.

"ಇಲ್ಲ ಶೇಖ್, ಅವರ ದೇಶದ ಹವೆಯೇ ಹಾಗೆ," ಎಂದೆ.

ರಾತ್ರಿ ಹಾಸಿಗೆ ಹಾಸಿಸಿದರು, ಬೆಳಿಗ್ಗೆ ಮತ್ತೆ ರೊಟ್ಟಿ, ಜೇನು, ಕಹ್ವಾ. ಸಾಹೇಬರ ಮುಖ ನೋಡಲಾಗುತ್ತಿರಲಿಲ್ಲ. ಕೊನೆಗೆ ಮುದುಕರಿಗೇ ಕರುಣೆ ಬಂತು. ಜಪಮಣಿ ಬದಿಗಿಟ್ಟರು.

"ಮೂರು ದಿನ ಕೇಳಬಾರದು. ಆದರೆ ಇವರು ಕೆಂಡದ ಮೇಲೆ ಕೂತಿದ್ದಾರೆ. ಬಂದ ಕೆಲಸ ಹೇಳಲಿ," ಎಂದರು.

ನಾನು ಹೇಳಿದೆ: ಊರಿಗೆ ಹೋಗಬೇಕಂತೆ, ಸಹಿ ಬೇಕಂತೆ.

"ಕೆಲಸದ ನಡುವೆ ಯಾಕೆ? ಮನೆಯಲ್ಲಿ ಸಾವೇ? ಕಾಯಿಲೆಯೇ?"

ಸಾಹೇಬರು ನೆಟ್ಟಗೆ ಕೂತರು. ಕನ್ನಡಕ ತೆಗೆದು ಒರೆಸಿದರು. ನನ್ನ ಕೈಗಳು ಚಪ್ಪಾಳೆಗೆ ತಾವಾಗಿ ಎದ್ದವು, ತಡೆದುಕೊಂಡೆ. ಶುಕ್ರವಾರಗಳಂದು ಜರ್ಮನ್ ಭಾಷೆಯಲ್ಲಿ ಕೇಳಿದ್ದ ಭಾಷಣವನ್ನು ಮೊದಲ ಸಲ ನಾನು ಇಂಗ್ಲಿಷಿನಲ್ಲಿ ಕೇಳಿದ್ದು ಆಗ. ತಮ್ಮ ದೇಶದಲ್ಲಿ ಪರದೇಶದವರು ಹೆಚ್ಚಾಗಿದ್ದಾರೆ. ಕೆಲಸಕ್ಕೆ ಕರೆದದ್ದು ನಿಜ, ಆದರೆ ಕೆಲಸ ಮುಗಿದರೂ ಹೋಗಲಿಲ್ಲ. ಹೆಂಡತಿ ಮಕ್ಕಳನ್ನು ಕರೆಸಿಕೊಂಡರು. ಬೀದಿಯಲ್ಲಿ ತಮ್ಮ ಭಾಷೆ ಕಿವಿಗೆ ಬೀಳುವುದಿಲ್ಲ. ಅವರನ್ನೆಲ್ಲ ಊರಿಗೆ ಕಳಿಸುವ ಪಕ್ಷವೊಂದು ಎದ್ದಿದೆ, ಅದರ ನಾಯಕನಾಗಲು ತಾನು ಹೋಗಬೇಕು. ಹೇಳಿ ಮುಗಿಸಿ ನನ್ನ ಕಡೆ ನೋಡಿ, "ಒಂದೂ ಬಿಡದೆ ಹೇಳು," ಎಂದರು.

ಒಂದೂ ಬಿಡದೆ ಹೇಳಿದೆ. ಹೆಂಡತಿ ಮಕ್ಕಳನ್ನು ಕರೆಸಿಕೊಂಡದ್ದು ಅಷ್ಟು ದೊಡ್ಡ ತಪ್ಪೇ? ನನಗೆ ಆ ಭಾಗ್ಯವೇ ಇರಲಿಲ್ಲವಲ್ಲ. ಕೊಳಚೆ ಗುಂಡಿಯ ಬದಿಯಲ್ಲಿ ಬೆವರು ಸುರಿಸುತ್ತ ನನ್ನ ಜೊತೆ ಅರ್ಧ ಪರೋಟ ಹಂಚಿಕೊಂಡಿದ್ದ ಮನುಷ್ಯ ಇವರೇನೋ ಎಂದು ಅನುಮಾನವಾಯಿತು. ಮುದುಕರು ಈಗ ಸಿಟ್ಟಾಗುತ್ತಾರೆ, ಅತಿಥಿಯನ್ನು ಹೀಗೆ ಕಾಣುವುದುಂಟೇ ಎಂದು ಬುದ್ಧಿ ಹೇಳುತ್ತಾರೆ ಎಂದು ನಾನು ಮನಸ್ಸಿನಲ್ಲೇ ಕಾದೆ.

ಮುದುಕರು ತಲೆಯಾಡಿಸಿದರು. "ಸಹೀಹ್. ಸರಿಯಾದ ಮಾತು," ಎಂದರು. "ಇಲ್ಲೂ ಅದೇ ಅಲ್ಲವೇ? ನನ್ನ ಮೊಮ್ಮಕ್ಕಳು ಪರದೇಶದ ಆಯಾಳ ಹಾಗೆ ಅರಬ್ಬಿ ಮಾತಾಡುತ್ತಾರೆ. ಅಂಗಡಿಯವನು ಹೊರಗಿನವನು, ಕ್ಷೌರದವನು ಹೊರಗಿನವನು, ಡ್ರೈವರು ಹೊರಗಿನವನು. ನಮ್ಮ ಕಾಲ ಮುಗಿಯುವುದರೊಳಗೆ ಇವರೆಲ್ಲ ಹೋಗಬೇಕು. ದೇವರು ನಿನ್ನ ಮುದೀರರಿಗೆ ಜಯ ಕೊಡಲಿ ಎಂದು ಹೇಳು."

ನಮಗೆ ಕಹ್ವಾ ಬಗ್ಗಿಸುತ್ತಿದ್ದವನು ಸುಡಾನಿನವನು. ಅವನು ಬಗ್ಗಿಸುತ್ತಲೇ ಇದ್ದ.

ನಾನು ಅದನ್ನೂ ಇಂಗ್ಲಿಷಿಗೆ ತಿರುಗಿಸಿದೆ. ಸಾಹೇಬರ ಮುಖ ಅರಳಿತು. ಹಿಂದಿನ ದಿನ ಕುರಿಯಿಂದಾಗಲಿ ಖರ್ಜೂರದಿಂದಾಗಲಿ ಆಗದ ಸ್ನೇಹ ಆ ಒಂದು ಮಾತಿನಿಂದ ಆಗಿಹೋಯಿತು. ಇಬ್ಬರೂ ಎದ್ದು, ನನ್ನ ತಲೆಯ ಮೇಲಿಂದಲೇ ಕೈಕುಲುಕಿ, ಕೆನ್ನೆಗೆ ಕೆನ್ನೆ ತಾಗಿಸಿದರು. ನನಗೆ ಸಿಟ್ಟು ಬಂತು. ಇವರ ಮೇಲೆಯೋ ಅವರ ಮೇಲೆಯೋ ಎಂದು ವಿಂಗಡಿಸಲಾಗದ ಸಿಟ್ಟು. ಮುಖ್ಯವಾಗಿ ಆ ಗೆಳೆತನಕ್ಕೆ ನಾಲಿಗೆ ಬಾಡಿಗೆ ಕೊಟ್ಟ ನನ್ನ ಮೇಲೆ. ಕಫೀಲರು ತಟ್ಟೆ ಸರಿಸಿ, ಖರ್ಜೂರದ ಅಂಟು ಹತ್ತಿದ ಅರ್ಜಿಗೆ ಸಹಿ ಹಾಕಿ ಮೊಹರು ಒತ್ತಿದರು. ಆಮೇಲೆ ಫೈಲಿನಲ್ಲಿ ಉಳಿದಿದ್ದ ಇನ್ನೊಂದು ಅರ್ಜಿಯ ಕಡೆ ಗದ್ದ ಚಾಚಿದರು.

"ಅದು ಯಾರದು?"

"ನನ್ನದು ಶೇಖ್. ಮಗಳು ಹುಟ್ಟಿದ್ದಾಳೆ. ನಾನು ಇನ್ನೂ ನೋಡಿಲ್ಲ."

"ನಿನ್ನ ಮುದೀರ್ ಏನನ್ನುತ್ತಾರೆ?"

ನಾನು ಸಾಹೇಬರ ಕಡೆ ತಿರುಗಿ ಇಂಗ್ಲಿಷಿನಲ್ಲಿ ಕೇಳಿದೆ. ಸಾಹೇಬರು ಬೂಟಿನ ಲೇಸು ಕಟ್ಟಿಕೊಳ್ಳುತ್ತಿದ್ದರು. "ಈಗ ಹೇಗಾಗುತ್ತದೆ? ನಾನೂ ಇಲ್ಲ, ನೀನೂ ಇಲ್ಲ ಅಂದರೆ ಆಫೀಸು ಯಾರು ನೋಡಬೇಕು? ಆಮೇಲೆ ನೋಡೋಣ ಅಂತ ಹೇಳು," ಎಂದರು.

ನಾನು ಕಫೀಲರ ಕಡೆ ತಿರುಗಿದೆ. ಏನೂ ಯೋಚಿಸಲಿಲ್ಲ, ಯೋಚಿಸಿದ್ದರೆ ಧೈರ್ಯ ಸಾಲುತ್ತಿರಲಿಲ್ಲ.

"ಹೊರಗಿನಿಂದ ಬಂದವರು ಅವರವರ ಊರಿಗೆ ಹೋಗಬೇಕು ಅನ್ನುತ್ತಾರೆ," ಎಂದೆ.

ಮುದುಕರು ತೊಡೆ ತಟ್ಟಿ ನಕ್ಕರು. "ಆಡಿದ್ದನ್ನು ಮಾಡುವ ಮನುಷ್ಯ! ನಾಯಕನಾಗಲು ಲಾಯಕ್ಕು," ಎನ್ನುತ್ತ ನನ್ನ ಅರ್ಜಿಯನ್ನೂ ಎಳೆದುಕೊಂಡು ಸಹಿ ಗೀಚಿದರು. ಮೊಹರು ಬಿದ್ದ ಸದ್ದಿಗೆ ಸಾಹೇಬರು ತಲೆ ಎತ್ತಿದರು.

"ಏನು ಹೇಳಿದೆ ನೀನು ಅವರಿಗೆ?"

"ನಿಮ್ಮ ಪಕ್ಷದ ಮಾತು ಹೇಳಿದೆ ಸರ್."

ಸಾಹೇಬರ ಮುಖ ಬೀಟ್‌ರೂಟ್ ಆಯಿತು. ಆದರೆ ಬಾಯಿ ಬಿಟ್ಟು ಪ್ರಯೋಜನವಿರಲಿಲ್ಲ. ಆ ಸಹಿ ಬೇಡ ಎನ್ನಬೇಕಾದರೆ ಅದನ್ನು ಅರಬ್ಬಿಯಲ್ಲಿ ಹೇಳಬೇಕಾದವನು ನಾನೇ ತಾನೆ?

ವಾಪಸು ಬರುವಾಗ ಕ್ಯಾಸೆಟ್ ಹಾಕಲಿಲ್ಲ. ಪೆಟ್ರೋಲ್ ಹಾಕಿಸಲು ನಿಂತಲ್ಲಿ ಅವರು ಎರಡು ತಂಪು ಪಾನೀಯ ತಂದು ಒಂದನ್ನು ನನ್ನ ಕೈಗೆ ಕೊಟ್ಟರು.

"ನೀನು ನನ್ನ ಪಕ್ಷಕ್ಕೆ ಬಂದರೆ ಬಹಳ ಮೇಲೆ ಹೋಗುತ್ತೀಯ," ಎಂದರು.

"ನಾನು ಹೊರಗಿನವನಲ್ಲವಾ ಸರ್," ಎಂದೆ.

ಅವರು ಜೋರಾಗಿ ನಕ್ಕುಬಿಟ್ಟರು. ನಗುವಾಗ ಒಳ್ಳೆಯವರಾಗಿಯೇ ಕಾಣುತ್ತಿದ್ದರು. ಅದೇ ನನಗೆ ಈಗಲೂ ಬಿಡಿಸಲಾಗದ ಕಗ್ಗಂಟು.

ಸಾಹೇಬರು ಹೋದವರು ಮರಳಿ ರಿಯಾದಿಗೆ ಬರಲಿಲ್ಲ. ನಾಯಕರಾದ ಸುದ್ದಿಯನ್ನು ಅವರ ಜಾಗಕ್ಕೆ ಬಂದ ಹೊಸ ಜರ್ಮನ್ ಹೇಳಿದರು. ದೊಡ್ಡ ದೊಡ್ಡ ಸಭೆಗಳಂತೆ, ಟಿವಿಯಲ್ಲಿ ಬರುತ್ತಾರಂತೆ. ಒಂದೂರಲ್ಲಿ ಹಾರ ಹಾಕಿದರೆ ಇನ್ನೊಂದೂರಲ್ಲಿ ಕೊಳೆತ ಮೊಟ್ಟೆ ಹೊಡೆದರಂತೆ. ಮಾತಿನ ಜೋರಿಗೆ ಮತ ಬಂತು, ಮತ ಬಂದ ಮೇಲೆ ಪಕ್ಷದೊಳಗೆ ಜಗಳವೂ ಬಂತು. ಇನ್ನೂ ಜೋರಾಗಿ ಕಿರುಚುವ ಒಬ್ಬ ಹುಟ್ಟಿಕೊಂಡು, ಇವರು ಮೆದು ಎಂದು ಹೇಳಿ ಕುರ್ಚಿಯಿಂದ ಇಳಿಸಿದನಂತೆ. ಅರಬರ ಜೊತೆ ನೆಲದಲ್ಲಿ ಕೂತು ಕೈಯಲ್ಲಿ ಉಣ್ಣುತ್ತಿರುವ ಅವರ ಫೋಟೋ ಒಂದನ್ನು ಯಾರೋ ಹಂಚಿದರೆಂದೂ ಕೇಳಿದೆ. ನಿಜವೋ ಸುಳ್ಳೋ.

ನಾಯಕರಾದ ಸುದ್ದಿ ಬಂದಾಗ ಅಡುಗೆಯವರು ಪಾಯಸ ಮಾಡಲು ಹೊರಟಿದ್ದರು. "ನಮ್ಮ ಸಾಹೇಬ ಗೆದ್ದ ಮಾರಾಯ!" ನಾನು ಭಾಷಣದ ಅರ್ಥ ಬಿಡಿಸಿ ಹೇಳಿದೆ. ಅವರು ಸೌಟು ಕೆಳಗಿಟ್ಟರು.

"ಹಾಗಾದ್ರೆ ನಾವು ಎಂತಕ್ಕೆ ಚಪ್ಪಾಳೆ ಹೊಡೆದದ್ದು?"

"ಬಿರಿಯಾನಿಗೆ."

"ಆ ಬಿರಿಯಾನಿ ಮಾಡಿದ್ದೂ ನಾನೇ ಅಲ್ವನಾ!" ಎಂದು ಒಲೆ ಆರಿಸಿದರು.

ಆದರೆ ಇದೆಲ್ಲ ನಾನು ರಜೆ ಮುಗಿಸಿ ಬಂದ ಮೇಲಿನ ಕಥೆ. ಅಲ್ ಅಹ್ಸಾದ ಸಹಿ ಬಿದ್ದ ವಾರದಲ್ಲೇ ಸಾಹೇಬರು ಜರ್ಮನಿಯ ವಿಮಾನ ಹತ್ತಿದರು, ನಾನು ಬೊಂಬಾಯಿಯ ವಿಮಾನ ಹತ್ತಿದೆ. ಅಲ್ಲಿಂದ ಬಸ್ಸು. ಕುಂದಾಪುರದಲ್ಲಿ ಇಳಿದಾಗ ಮೈಯೆಲ್ಲ ಧೂಳು, ಮನಸ್ಸೆಲ್ಲ ಹಬ್ಬ. ಇಬ್ಬರು ಯಜಮಾನರನ್ನು ಒಂದೇ ಮಾತಿನಲ್ಲಿ ಗೆದ್ದು ಬಂದವನೆಂಬ ಗರ್ವ ಬೇರೆ. ಹೆಂಡತಿಗೆ, ಅಮ್ಮನಿಗೆ ಆ ಕಥೆಯನ್ನು ಅಂಗಳದಲ್ಲಿ ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದೆ.

ಮಗಳು ಬಾಗಿಲ ಹಿಂದೆ ಇದ್ದಳು. ಎರಡು ಕಣ್ಣು, ಒಂದು ಕೈ ಮಾತ್ರ ಕಾಣುತ್ತಿತ್ತು. ಚಾಕಲೇಟಿಗೆ ಹೊರಗೆ ಬಂದಳು. ಕೀಲಿ ಕೊಟ್ಟರೆ ಡೋಲು ಬಾರಿಸುವ ಕರಡಿಗೆ ಹತ್ತಿರ ಬಂದಳು. ಮಧ್ಯಾಹ್ನದ ಹೊತ್ತಿಗೆ ನನ್ನ ಬೆನ್ನ ಮೇಲೆ ಹತ್ತಿ ಅಂಗಳ ಸುತ್ತಿಸಿದಳು. ನನ್ನ ಕನ್ನಡಕ ಹಾಕಿಕೊಂಡು ಅಜ್ಜಿಯನ್ನು ಹೆದರಿಸಿದಳು. ಹೆಸರು ಹಿಡಿದು ಕರೆದರೆ ಓಡಿ ಬರುತ್ತಿದ್ದಳು. ಇಷ್ಟು ಸುಲಭವೇ, ಇದಕ್ಕೆ ದಾರಿಯುದ್ದಕ್ಕೂ ಹೆದರಿದ್ದೆನಲ್ಲ ಎಂದು ನನಗೆ ನಾನೇ ನಕ್ಕೆ.

ಬೈಗಾಯಿತು. ಹೆಂಡತಿ ದೀಪ ಹಚ್ಚಿ ಬಂದು ಜಗಲಿಯಲ್ಲಿ ಕೂತಳು. ಮಗಳು ಅವಳ ಸೆರಗು ಜಗ್ಗಿ ಬಗ್ಗಿಸಿಕೊಂಡು, ಗುಟ್ಟಿನಲ್ಲಿ ಹೇಳುತ್ತೇನೆಂದುಕೊಂಡು ನನಗೂ ಕೇಳುವ ಹಾಗೆ ಕೇಳಿದಳು:

"ಅಮ್ಮಾ, ಇವ್ರ್ ಅವ್ರ ಮನಿಗ್ ಹೋಪ್ದ್ ಯಾವಾಗ?"

ಹೆಂಡತಿ ನಕ್ಕಳು. ಅಮ್ಮ ಒಳಗಿನಿಂದಲೇ ನಕ್ಕರು. ನಾನೂ ನಗಬೇಕೆಂದು ಬಾಯಿ ತೆರೆದೆ. ಮರಳಿ ಹೋಗುವ ತಾರೀಕು ನನ್ನ ಪಾಸ್‌ಪೋರ್ಟಿನಲ್ಲಿ ಅಚ್ಚಾಗಿತ್ತು, ಅವಳ ಪ್ರಶ್ನೆಗೆ ಸರಿಯಾದ ಉತ್ತರ ನನ್ನ ಬಳಿ ಇತ್ತು. ಮಗಳ ಎದುರಿಗೇ ಅತ್ತುಬಿಟ್ಟೆ.